ಹೇಳಿಕೊಟ್ಟ ದೂರು

"ಅಳು ಬರೂವಂಗ ಹೇಳು. ಅವ್ರು ಭಾಳ ಚಾಲಾಕ ಅದಾರ," ಎಂದು ಕಾಶಿನಾಥ ಹೆಂಡತಿಯ ಬಾಯಿಗೆ ತನ್ನ ಫೋನು ಹಿಡಿದ.

"ಯಾರಿಗೆ ಹೇಳೂದ್ರಿ?" ಎಂದಳು ವಿಜಯಲಕ್ಷ್ಮಿ.

'ಹೇಳೇಬಿಡವ್ವ' ಎಂಬ ಫೇಸ್‌ಬುಕ್ ಪೇಜಿಗೆ. ಕೊಪ್ಪಳದ ಯಾರೋ ಹೆಂಗಸರು ಹೆಸರು ಮುಚ್ಚಿಟ್ಟು ನಡೆಸುವ ಪೇಜು. ಮೈ ಮುಟ್ಟಿದವನಿರಲಿ, ಹೊಲಸು ಮೆಸೇಜು ಕಳಿಸಿದವನಿರಲಿ, ಯಾರನ್ನೂ ಬಿಡುತ್ತಿರಲಿಲ್ಲ. ಗಿಣಿಗೇರಾದ ಕಾರ್ಖಾನೆಯಲ್ಲಿ ಕಾಶಿನಾಥನ ಜೊತೆಗಾರನಾಗಿದ್ದ ಅಯ್ಯಪ್ಪನ ಮಾನ ಅದರಲ್ಲೇ ಹರಾಜಾಗಿತ್ತು, ಕೆಲಸವೂ ಹೋಯಿತು. ಅಂದಿನಿಂದ ಕಾಶಿನಾಥನಿಗೆ ಕಂಡ ಹೆಂಗಸರ ಮೇಲೆಲ್ಲ, ಪೇಜು ನಡೆಸುವವಳು ಇವಳೇ ಇರಬೇಕೆಂಬ ಗುಮಾನಿ. ಕ್ಯಾಂಟೀನಿನ ಶಾಹಜಾದಬಿ ನಕ್ಕರೂ ಗುಮಾನಿ, ನಗದಿದ್ದರೂ ಗುಮಾನಿ. ಈ ವಿಷಯದಲ್ಲಿ ಹೆಂಡತಿಯ ಮೇಲೆ ಮಾತ್ರ ಇರಲಿಲ್ಲ. ಅವಳ ಕೈಗೆ ಅವನು ಫೋನೇ ಕೊಟ್ಟಿರಲಿಲ್ಲವಲ್ಲ.

ಪೇಜಿನವರು ಹೆಣ್ಣುದನಿ ಕೇಳದೆ ಯಾರನ್ನೂ ನಂಬುತ್ತಿರಲಿಲ್ಲ. ಅದಕ್ಕೇ ಈ ಗಾಳ. ಬಂದವರ ಮುಖ ಲೈವ್‌ನಲ್ಲಿ ತೋರಿಸಿದರೆ ಪೇಜಿನ ಕಥೆ ಮುಗಿಯಿತು. ಆಮೇಲೆ ಅವರು ಊರಲ್ಲಿ ಹೇಗೆ ತಲೆಯೆತ್ತಿ ತಿರುಗುತ್ತಾರೋ ನೋಡೋಣ.

"ನನಗ ಇಂಥಾವೆಲ್ಲ ಬರೂದಿಲ್ರಿ."

"ನಾ ಹೇಳಿದಂಗ ಹೇಳು, ಸಾಕು."

ಅವನು ಒಂದೊಂದೇ ಮಾತು ಹೇಳಿಕೊಟ್ಟ. ಗಂಡ ಹೊಡಿತಾನ. ತವರಮನಿಗೆ ಕಳಿಸೂದಿಲ್ಲ. ಬಾಗಿಲದಾಗ ನಿಂತರೂ ಸಂಶಯ ಪಡತಾನ. ಬಂದು ಕರಕೊಂಡು ಹೋಗ್ರಿ. ತಲೆ ಕೆರೆದುಕೊಳ್ಳುವ ಪ್ರಮೇಯವೇ ಬರಲಿಲ್ಲ, ಮಾತುಗಳು ತಾವಾಗಿಯೇ ಬಂದವು. ವಿಜಯಲಕ್ಷ್ಮಿಯೂ ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ನಿಜವಾಗಿಯೂ ಅತ್ತಳು.

"ಭಲೇ! ನಾಟಕ ಕಂಪನಿ ಸೇರಬೇಕಾಗಿತ್ತ ನೀ," ಎಂದು ನಕ್ಕು, ಮನೆಯ ವಿಳಾಸವನ್ನೂ ಕಳಿಸಿದ.

ಮರುದಿನ ಮೂವರು ಹೆಂಗಸರು ಬಂದರು. ಪಾಪ, ಓಣಿಯಲ್ಲಿ ಮನೆ ಕೇಳಿಕೊಂಡು ಬಂದರು. ಬಾಗಿಲ ಮರೆಯಲ್ಲಿದ್ದ ಕಾಶಿನಾಥ ಲೈವ್ ಆನ್ ಮಾಡಿ ಒಮ್ಮೆಲೇ ಹೊರಬಿದ್ದ. ಮುಂದೆ ನಿಂತವಳು ಸಂತೆಯಲ್ಲಿ ಬಳೆ ಮಾರುವ ಅತೀಯಾ!

"ನೋಡ್ರಿ, ಊರ ಮಂದಿ! ಆ ಪೇಜಿನವರು ಇವರ! ಗಂಡ ಹೊಡಿತಾನಂತ ನಾ ಹೇಳಿಕೊಟ್ಟ ಸುಳ್ಳು ನಂಬಿ ಓಡಿ ಬಂದಾರ!"

ಅತೀಯಾಳ ಮುಖ ಬಿಳಿಚಿಕೊಂಡಿತು. ಲೈವ್ ನೋಡುವವರು ಏರುತ್ತಲೇ ಇದ್ದರು. ಅಷ್ಟರಲ್ಲಿ ವಿಜಯಲಕ್ಷ್ಮಿ ಹೊಸ್ತಿಲು ದಾಟಿ ಬಂದಳು. ಕೈಯಲ್ಲಿ ಬಟ್ಟೆಯ ಗಂಟಿತ್ತು. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ.

"ಲೇ, ಹೇಳು, ಎಲ್ಲಾರೂ ಕೇಳಲಿ! ಎಲ್ಲಾ ನಾನ ಹೇಳಿಕೊಟ್ಟಿದ್ದಲ್ಲ?" ಎಂದು ಫೋನನ್ನು ಅವಳತ್ತ ತಿರುಗಿಸಿದ.

"ಹೌದ್ರಿ, ನೀವ ಹೇಳಿಕೊಟ್ಟಿದ್ದು," ಎಂದಳು ಅವಳು, ಅತೀಯಾಳ ಪಕ್ಕಕ್ಕೆ ಹೋಗಿ ನಿಂತು. "ಮಾಡಿದವರ ಬಾಯಿಲೇ ಬಂದದ್ದು, ಒಂದು ಮಾತೂ ಸುಳ್ಳಲ್ಲ."