ಕೊನೆಯ ಬೆಂಚಿನ ನೋಟ್‌ಬುಕ್

ಕೊನೆಯ ಬೆಂಚಿನ ಹೆಂಗಸು ಮತ್ತೆ ಏನೋ ಬರೆದುಕೊಂಡಳು. 'ಮುಂದಿನ ತಿಂಗಳು' ಎನ್ನಲು ಬಾಯಿ ತೆರೆದಿದ್ದ ನ್ಯಾಯಾಧೀಶರು ಆ ಮಾತನ್ನು ಹಾಗೇ ನುಂಗಿಕೊಂಡರು.

ಹೋದ ವಾರವಷ್ಟೇ ನಾಗರಿಕ ಹಕ್ಕುಗಳ ಸಂಘದಿಂದ ಪತ್ರ ಬಂದಿತ್ತು. ನಮ್ಮ ವೀಕ್ಷಕರು ನ್ಯಾಯಾಲಯದಲ್ಲಿ ಕೂರುತ್ತಾರೆ, ಮಾತಾಡುವುದಿಲ್ಲ, ಕಂಡದ್ದನ್ನು ಬರೆದುಕೊಳ್ಳುತ್ತಾರೆ, ವರದಿ ಪತ್ರಿಕೆಗಳಿಗೆ ಹೋಗುತ್ತದೆ. ಬಡ್ತಿಯ ಪಟ್ಟಿ ಹೊರಬೀಳುವ ಹೊತ್ತಿಗೇ ಇದೆಲ್ಲಿ ವಕ್ಕರಿಸಿತಪ್ಪ! ಜಾಮೀನು ಅರ್ಜಿಗೆ ಎರಡು ನಿಮಿಷ, ಆಮೇಲೆ ಮುಂದಿನ ತಿಂಗಳು. ಅವರ ಈ ಪದ್ಧತಿ ಊರಿಗೆಲ್ಲ ಗೊತ್ತಿದ್ದದ್ದೇ.

ಇವತ್ತು ಕಟಕಟೆಯಲ್ಲಿದ್ದವಳು ನರ್ಸಿಂಗ್ ಓದುವ ಹುಡುಗಿ. ಆಸ್ಪತ್ರೆಯ ಗೋಡೆಗೆ ಪ್ರತಿಭಟನೆಯ ಪೋಸ್ಟರ್ ಅಂಟಿಸಿದ್ದಕ್ಕೆ ಮೂರು ತಿಂಗಳಿಂದ ಜೈಲಿನಲ್ಲಿದ್ದಳು. ನಾಳೆ ಬೆಳಿಗ್ಗೆ ಕೊನೆಯ ಪರೀಕ್ಷೆ. ತಪ್ಪಿದರೆ ಅಷ್ಟು ವರ್ಷದ ಓದು ಮಣ್ಣುಪಾಲು.

"ತನಿಖೆ ಇನ್ನೂ ನಡೀತಿದೆ, ಸ್ವಾಮಿ," ಸರ್ಕಾರಿ ವಕೀಲರು ಎಂದಿನ ರಾಗ ತೆಗೆದರು.

ಹಿಂದೆ ಪೆನ್ನು ಸರಸರ ಓಡಿತು. ನ್ಯಾಯಾಧೀಶರು ಕೆಮ್ಮಿದರು. ಅದನ್ನೂ ಬರೆದಳು, ಪುಣ್ಯಾತ್ಗಿತ್ತಿ! ಕಾಗದ ನೋಡುವ ಗೋಜೇ ಇಲ್ಲ. ಕಣ್ಣು ಕಟಕಟೆಯಲ್ಲೇ ನೆಟ್ಟಿದೆ. ಎಂಥ ಪಳಗಿದ ಕೈ ಎಂದುಕೊಂಡು ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

"ಪೋಸ್ಟರ್ ಅಂಟಿಸಿದ್ರಲ್ಲಿ ತನಿಖೆಗೆ ಇನ್ನೇನ್ರೀ ಉಳಿದಿದೆ? ಅಂಟು ಒಣಗ್ಲಿ ಅಂತ ಕಾಯ್ತಿದ್ದೀರಾ?"

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರಿಗೆ ಹುರುಪು ಬಂತು. ನಲವತ್ತು ನಿಮಿಷ ವಾದ ಕೇಳಿದರು, ಕಡತದ ಒಂದೊಂದು ಹಾಳೆಯನ್ನೂ ತಿರುವಿದರು. ಹುಡುಗಿಯ ವಿರುದ್ಧ ಅದರಲ್ಲಿ ಏನೆಂದರೆ ಏನೂ ಇರಲಿಲ್ಲ. ಛೆ, ಇಷ್ಟು ದಿನ ಇದನ್ನು ಬಿಚ್ಚಿಯೇ ನೋಡಿರಲಿಲ್ಲವಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

"ಜಾಮೀನು ಕೊಟ್ಟಿದೆ. ಇವತ್ತೇ ಬಿಡಬೇಕು," ಎಂದರು, ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ.

ಸಂಜೆ ಜವಾನ ಅವರ ಕೋಣೆಗೆ ಬಂದ. "ಹಿಂದೆ ಕೂತಿದ್ದ ಆಯಮ್ಮ ನೋಟ್‌ಬುಕ್ ಮರೆತು ಹೋಗಿದಾರೆ, ಸ್ವಾಮಿ."

ನ್ಯಾಯಾಧೀಶರು ಅದನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ತಮ್ಮ ಬಗ್ಗೆ ಏನಿದೆಯೆಂದು ಹುಡುಕಿದರು. ಪುಟದ ತುಂಬ ಸುರುಳಿ, ಸೊನ್ನೆ, ಗೆರೆ. ಮುಂದಿನ ಪುಟದಲ್ಲೂ ಅದೇ. ಹುಡುಕಿದರೂ ಒಂದಕ್ಷರವಿಲ್ಲ.

"ಇದೇನಯ್ಯಾ, ಸಂಘದವರ ಗುಪ್ತಲಿಪಿಯಾ?"

"ಯಾವ ಸಂಘ, ಸ್ವಾಮಿ? ಅವರು ಆ ಹುಡುಗಿ ತಾಯಿ. ಈಗ್ತಾನೆ ಜಾಮೀನು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಮಗಳನ್ನ ಕರ್ಕೊಂಡು ಹೋದ್ರು."