ಅರ್ತಿಂಗ್ ಕ್ಲಿಪ್ಪು

ಆಯುಧಪೂಜೆಯ ಮರುದಿನ, ಕಾರ್ಖಾನೆಯ ಅಂಗಳದಲ್ಲಿ ಲಾರಿಗೆ ಮೆಕ್ಕೆಜೋಳದ ಸ್ಟಾರ್ಚ್ ಪುಡಿ ತುಂಬುತ್ತಿದ್ದಾಗ ಪೈಪಿನ ಬಾಯಲ್ಲಿ ಕಿಡಿ ಹಾರಿ ಒಬ್ಬ ಸುಟ್ಟು ಸತ್ತ. ತನಿಖೆಗೆ ಬಂದ ಇನ್‌ಸ್ಪೆಕ್ಟರು ಆ ಪೈಪು ಜೋಡಿಸಿದವನನ್ನು ಕರೆಸಿದರು. ಸತ್ತವನು ಅವನ ತಂಗಿಯ ಗಂಡ.

"ಪುಡಿ ಓಡುವಾಗ ಪೈಪಿನಲ್ಲಿ ಕರೆಂಟು ಹುಟ್ಟುತ್ತೆ. ಅದನ್ನ ನೆಲಕ್ಕೆ ಇಳಿಸೋ ಕ್ಲಿಪ್ಪು ಹಾಕಿದ್ದೆಯಾ?"

"ಹಾಕಿದ್ದೆರಿ ಸಾಹೇಬ್ರ. ಹನ್ನೊಂದು ವರ್ಷದಾಗ ಒಂದಿನಾನೂ ಮರ್ತಿಲ್ಲ."

ಹೌದು, ಕ್ಲಿಪ್ಪು ಇನ್ನೂ ಅರ್ತಿಂಗ್ ಕಂಬವನ್ನು ಕಚ್ಚಿಕೊಂಡೇ ಇತ್ತು. ಕಂಬದ ಕೊರಳಲ್ಲಿ ಪೂಜೆಯ ಚೆಂಡುಹೂವಿನ ಮಾಲೆ ಬಾಡಿತ್ತು.

"ಹಾಕಿದ್ದ ಅಂತ ಬರ್ಕೊಳ್ರಿ. ತಂಗಿ ಗೇಟ್‌ನಾಗ ಕುಂತಾಳ. ಮೂರು ದಿನ ಆತು, ನನ್ನ ಮಾರಿ ನೋಡವಲ್ಲಳು. ನಾನು ಹೇಳಿದ್ರ ನಂಬೂದಿಲ್ಲ, ನೀವು ಹೇಳ್ರಿ."

ಇನ್‌ಸ್ಪೆಕ್ಟರು ಬರೆದುಕೊಂಡರು. ತಂಗಿಯನ್ನು ಕರೆತರಲು ವಾಚ್‌ಮನ್ನನ್ನು ಕಳಿಸಿದರು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಕ್ಲಿಪ್ಪಿಗೂ ಇನ್ನೊಂದನ್ನು ಕಂಬದ ಬುಡದ ಬರಿ ಕಬ್ಬಿಣಕ್ಕೂ ಮುಟ್ಟಿಸಿದರು. ಮುಳ್ಳು ಅಲುಗಲಿಲ್ಲ. ಕ್ಲಿಪ್ಪು ತೆಗೆದು ಅದು ಕಚ್ಚಿದ್ದ ಜಾಗವನ್ನು ಕೀಲಿಕೈಯಿಂದ ಕೆರೆದರು. ಹೊಳೆಯುವ ಹಸಿರು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು.

"ಬಣ್ಣದ ಮೇಲೆ ಹಾಕಿದರೆ ಕರೆಂಟು ಇಳಿಯಲ್ಲ. ಕ್ಲಿಪ್ಪು ಬರಿ ಕಬ್ಬಿಣವನ್ನೇ ಕಚ್ಚಬೇಕು. ನೀನು ದಿನಾ ಹಾಕೋ ಜಾಗದಲ್ಲೇ ಹಾಕಿದ್ದೀಯ, ನಿನ್ನ ತಪ್ಪಲ್ಲ ಬಿಡು, ನಿನ್ನ ತಂಗಿಗೂ ಹೇಳ್ತೀನಿ. ಈ ಕಂಬಕ್ಕೆ ಬಣ್ಣ ಬಳಿದವನು ಯಾರು?"

ವಾಚ್‌ಮನ್ನಿನ ಹಿಂದೆ ತಂಗಿ ಅಂಗಳ ದಾಟಿ ಬರುತ್ತಿದ್ದಳು.

"ಆಕಿನ್ನ ಅಲ್ಲೇ ನಿಂದ್ರಸ್ರಿ ಸಾಹೇಬ್ರ," ಎಂದ ಅವನು. "ಪೂಜಿಗೆ ಚಂದ ಕಾಣ್ಲಿ ಅಂತ ನಾನ ಹಚ್ಚಿದ್ದು, ಎರಡು ಕೋಟು."