ಕಿವಿಯಲ್ಲಿ ಕಂಡ ಸಿನಿಮಾ

"ನಿನ್ನಿಷ್ಟ ಅವ್ವ, ಇನ್ನೊಂದು ಹೆಣ್ಣು ನೋಡು," ಎಂದು ಪರದೆಯ ಮೇಲಿನ ಗಂಡ, ಮಕ್ಕಳಾಗದ ಹೆಂಡತಿಯ ಎದುರಿಗೇ ಹೇಳಿ ತಲೆ ತಗ್ಗಿಸಿದ. ಅರಸೀಕೆರೆಯ ಸಿನಿಮಾ ಟೆಂಟಿನೊಳಗೆ, ಕುರ್ಚಿ ಕ್ಲಾಸಿನಲ್ಲಿ ತನ್ನ ಗಂಡ ಇಂದುಧರನ ಪಕ್ಕ ಕೂತಿದ್ದ ದ್ರಾಕ್ಷಾಯಣಿ ತಟ್ಟನೆ ನೆಟ್ಟಗಾದಳು. ಇದೇ ಕಥೆ ಹೋದ ವರ್ಷ ಹಿಂದಿಯಲ್ಲಿ ಬಂದಿದ್ದಾಗ ಅವಳು ನೋಡಿದ್ದಳು. ಅದರಲ್ಲಿ ಆ ಗಂಡ ಹೀಗೆ ಅಂದಿರಲಿಲ್ಲ.

ಅಂದಿರಲಿಲ್ಲ ಅಂತ ಅವಳಿಗೆ ಹೇಗೆ ಗೊತ್ತು? ಹಿಂದಿ ಅವಳಿಗೆ ಒಂದಕ್ಷರ ಬರದು. ಕೊಬ್ಬರಿ ಮಂಡಿಯಲ್ಲಿ ಬೊಂಬಾಯಿ ಸೇಟುಗಳ ಜೊತೆ ವ್ಯಾಪಾರ ಮಾಡಿ ಹಿಂದಿ ಕಲಿತಿದ್ದ ಇಂದುಧರನೇ ಒಂದೊಂದು ಮಾತನ್ನೂ ಅವಳ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದ್ದ. ಈ ಘಟ್ಟ ಬಂದಾಗ ಮಾತ್ರ ಒಂದು ಗಳಿಗೆ ತಡೆದು, "ಮಕ್ಕಳಾಗದಿದ್ರೆ ಬೇಡ, ನಂಗೆ ಇವಳೇ ಸಾಕು ಅಂತಾವ್ನೆ," ಎಂದಿದ್ದ. ಆಮೇಲೆ ತಲೆನೋವು ಅಂತ ಹೇಳಿ ಅರ್ಧಕ್ಕೇ ಎಬ್ಬಿಸಿಕೊಂಡು ಹೊರಟುಬಿಟ್ಟಿದ್ದ. ಮಕ್ಕಳಾಗಲಿಲ್ಲ ಅಂತ ಅತ್ತೆ ಮಗನ ಎರಡನೇ ಮದುವೆಯ ಮಾತೆತ್ತಿದಾಗಲೆಲ್ಲ ದ್ರಾಕ್ಷಾಯಣಿ ಆ ಒಂದು ಮಾತನ್ನೇ ನೆನೆದುಕೊಂಡು ದಿನ ದೂಡಿದ್ದಳು.

ಈಗ ಇಂದುಧರ ಕುರ್ಚಿಯಲ್ಲಿ ಮಿಸುಕಾಡಿದ. "ಕನ್ನಡಕ್ಕೆ ತರೋವಾಗ ಕೆಡಿಸಿಬಿಟ್ಟವ್ರೆ ಕಣೇ," ಎಂದ. ಪರದೆಯ ಬೆಳಕಿನಲ್ಲಿ ಅವನ ಮುಖ, ಕದ್ದು ಸಿಕ್ಕಿಬಿದ್ದವನ ಮುಖದ ಹಾಗಿತ್ತು.

ದ್ರಾಕ್ಷಾಯಣಿ ಆ ಮುಖವನ್ನೇ ನೋಡಿದಳು. ನೋಡನೋಡುತ್ತ ಅವಳ ಕಣ್ಣು ತುಂಬಿತು. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಅವತ್ತಿನ ಹಾಗೆಯೇ ಅವನ ಬಾಯಿಯ ಹತ್ತಿರಕ್ಕೆ ವಾಲಿದಳು.

"ಈ ಸಿನಿಮಾದವರ ಕನ್ನಡ ನಂಗೆ ತಿಳೀಲಿಲ್ಲ ಕಣ್ರೀ. ಅವನೇನಂದ, ನೀವೇ ಹೇಳಿ."